ಚಿಕ್ಕಬೀರಯ್ಯನ ಸೋಗು

ಈಚಲಕೆರೆಯಲ್ಲಿ ಯಾರಾದರೂ ಕುಡಿದು ರಸ್ತೆಯ ಆ ಬದಿಗೊಮ್ಮೆ ಈ ಬದಿಗೊಮ್ಮೆ ವಾಲುತ್ತ ಬಂದರೆ, ಅಂಗಡಿ ಜಗಲಿಯ ಮೇಲೆ ಕೂತವರು “ಚಿಕ್ಕಬೀರಯ್ಯನ ಗಾಡಿ ಬಂತು, ದಾರಿ ಬಿಡ್ರಲಾ” ಅನ್ನುತ್ತಾರೆ. ಮದುವೆ ಮನೆಯಲ್ಲಿ ಸಾರಿನ ಬಕೆಟ್ಟು ಹಿಡಿದವನು ಎಡವಿದರೆ ಅವನೂ ಚಿಕ್ಕಬೀರಯ್ಯನೇ. ಆ ಚಿಕ್ಕಬೀರಯ್ಯ ಯಾರು ಅಂತ ಶಾಲೆಗೆ ಹೋಗುವ ಮಕ್ಕಳನ್ನು ಕೇಳಿ, ಥಟ್ಟನೆ ಹೇಳುತ್ತವೆ: ಹೆಂಡ ಕುಡಿದು ರೈಲು ಕೆಡವಿದ ಡ್ರೈವರು. ಆ ರೈಲನ್ನು ಆ ಮಕ್ಕಳು ನೋಡಿಲ್ಲ, ಅವರ ಅಪ್ಪಂದಿರಲ್ಲೂ ಎಷ್ಟೋ ಜನ ನೋಡಿಲ್ಲ. ಊರಿಗೊಬ್ಬ ಕೋಡಂಗಿ ಬೇಕಲ್ಲ. ಅವನು ಸತ್ತವನಾದರೆ ಇನ್ನೂ ಅನುಕೂಲ, ಎದುರು ಮಾತಾಡುವುದಿಲ್ಲ.

ರೈಲು ಇದ್ದದ್ದಂತೂ ನಿಜ. ಅರಸೀಕೆರೆಯಲ್ಲಿ ದೊಡ್ಡ ಹಳಿಯಿಂದ ಕವಲೊಡೆದು, ತೆಂಗಿನ ತೋಟ, ರಾಗಿ ಹೊಲ, ಈಚಲ ವನಗಳ ನಡುವೆ ಹಾಯ್ದು, ಹಳೇಬೀಡಿನ ಕೆರೆ ಏರಿ ಕಾಣುವ ತನಕ ಒಂದು ಸಣ್ಣ ರೈಲು ಓಡುತ್ತಿತ್ತು. ಮಹಾರಾಜರ ಕಾಲದಲ್ಲಿ ಬೇಲೂರಿಗೆಂದು ಹೊರಟ ಹಳಿ ಅದು. ಹಳೇಬೀಡಿನ ಹತ್ತಿರ ಬಂದು ಸುಸ್ತಾಗಿ ನಿಂತುಬಿಟ್ಟಿತು. ದೇವಸ್ಥಾನ ನೋಡಲು ಬರುವವರ ಅನುಕೂಲಕ್ಕೆ ಹಾಕಿದ್ದು ಅಂತ ದೊಡ್ಡವರು ಭಾಷಣ ಮಾಡಿದ್ದಿರಬಹುದು. ಆದರೆ ಅದರ ಹೊಟ್ಟೆ ತುಂಬಿಸುತ್ತಿದ್ದದ್ದು ಹೆಂಡ. ಬೆಳಗಿನ ಜಾವ ಈಚಲ ಮರದಿಂದ ಇಳಿಸಿದ್ದು ಬಿಸಿಲೇರುವ ಮುಂಚೆ ಅರಸೀಕೆರೆಯ ಅಂಗಡಿಗಳನ್ನು ಸೇರಬೇಕು, ಇಲ್ಲದಿದ್ದರೆ ಹುಳಿಯಾಗಿ ಯಾರ ಬಾಯಿಗೂ ಬಾರದು. ಹೆಂಗಸರು ಮಡಕೆಯ ಬಾಯಿಗೆ ಈಚಲ ನಾರನ್ನು ಸಡಿಲವಾಗಿ ತುರುಕಿ, ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ಇಟ್ಟುಕೊಂಡು ಕಾಯುತ್ತಿದ್ದರು. ಸುತ್ತಿನ ಹಳ್ಳಿಯವರು ಅದಕ್ಕೆ ಹೆಂಡದ ಗಾಡಿ ಎಂದೇ ಹೆಸರಿಟ್ಟಿದ್ದರು.

ಒಂದು ಬೆಳಿಗ್ಗೆ ಈಚಲಕೆರೆಯ ತಿರುವಿನಲ್ಲಿ ಆ ಗಾಡಿ ಹಳಿ ಬಿಟ್ಟು ಮಗುಚಿಕೊಂಡಿತು. ಇಬ್ಬರು ಹೆಂಗಸರ ಕಾಲು ಮುರಿಯಿತು. ಮಡಕೆಗಳೆಲ್ಲ ಚೂರಾಗಿ ಗದ್ದೆಯ ಬದುವಿನ ತನಕ ಹೆಂಡ ಹರಿಯಿತು. ಡ್ರೈವರ್ ಕುಡಿದಿದ್ದ ಎಂದು ವಿಚಾರಣೆಯಲ್ಲಿ ತೀರ್ಮಾನವಾಗಿ ಅವನ ಕೆಲಸ ಹೋಯಿತು. ಇಲಾಖೆಯವರು ಆ ಹಳಿಯ ಮೇಲೆ ಮತ್ತೆ ಗಾಡಿ ಬಿಡಲಿಲ್ಲ. ಕೆಲವು ವರ್ಷ ನೋಡಿ ಕಬ್ಬಿಣವನ್ನೆಲ್ಲ ಕಿತ್ತು ಹರಾಜು ಹಾಕಿದರು. ಉಳಿದದ್ದು ಒಂದು ಮಣ್ಣಿನ ದಿಬ್ಬ, ಸ್ಟೇಷನ್ನಿನ ಕಲ್ಲು ಕಟ್ಟಡ, ಮತ್ತು ಈ ಕತೆ.

ಕತೆಯ ಉಸ್ತುವಾರಿ ಚೇತನ್‌ಕುಮಾರನದು. ನಲವತ್ತು ದಾಟಿದ ಆಳು, ಒಂದಿಷ್ಟು ತೆಂಗಿನ ತೋಟ, ಊರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ದೇವರು ಅವನಿಗೆ ಕೊಟ್ಟದ್ದರಲ್ಲಿ ದೊಡ್ಡದು ನಾಲಿಗೆ. ಕಾಮನ ಹಬ್ಬಕ್ಕೆ ಬೇರೆ ಊರಿನ ಹುಡುಗರು ಹುಲಿ, ಕರಡಿ, ಪೊಲೀಸು ಅಂತ ಸೋಗು ಹಾಕಿದರೆ ಈಚಲಕೆರೆಯವರು ಹಾಕುವುದು ರೈಲು. ಉದ್ದ ಹಗ್ಗದೊಳಗೆ ಹುಡುಗರೆಲ್ಲ ಸಾಲಾಗಿ ನಿಂತು ಬೋಗಿಗಳಾಗುತ್ತಾರೆ. ಮುಂದೆ ಮುಖಕ್ಕೆ ಮಸಿ ಬಳಿದುಕೊಂಡ ಡ್ರೈವರು, ಕೈಯಲ್ಲಿ ಸೋರೆಬುರುಡೆ, ನಡಿಗೆ ನೆಟ್ಟಗಿಲ್ಲ. ಹಾದುಹೋಗುವ ಬಸ್ಸುಗಳನ್ನು ಅಡ್ಡಗಟ್ಟಿ ಬುರುಡೆ ಒಡ್ಡಿ ಚಂದಾ ಎತ್ತುವುದು. ಚೇತನ್ ತನ್ನ ಪ್ರಾಯದ ದಿನಗಳಲ್ಲಿ ವರ್ಷಗಟ್ಟಲೆ ಆ ಡ್ರೈವರಾಗಿದ್ದ. ಅವನಷ್ಟು ಚೆನ್ನಾಗಿ ತಡವರಿಸಿದವರು ಆಮೇಲೆ ಹುಟ್ಟಲಿಲ್ಲ ಅಂತ ಊರೇ ಒಪ್ಪುತ್ತದೆ. ಕಾಲಿಗೆ ಕಾಲು ತೊಡರಿಸಿಕೊಂಡು, ಎರಡೂ ಕೈ ಮುಗಿದು, “ನಾನು ಕುಡ್ದಿಲ್ಲ ಸ್ವಾಮೀ, ಕೀಲಿರ್ಲಿಲ್ಲ, ಹಳಿಗೆ ಕೀಲೇ ಇರ್ಲಿಲ್ಲ” ಅಂತ ಅವನು ಗೋಗರೆದರೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೋಗು ಬಿಟ್ಟು ವರ್ಷಗಳಾದರೂ ಮದುವೆ, ಗೃಹಪ್ರವೇಶ ಎಲ್ಲೇ ಮೈಕು ಕಂಡರೂ ಜನ ಅವನಿಂದ ಆ ಮಾತನ್ನು ಒಂದು ಸಲ ಆಡಿಸದೆ ಬಿಡುವುದಿಲ್ಲ.

ಈ ವರ್ಷ ಪಂಚಾಯಿತಿಯವರು ಸ್ಟೇಷನ್ ಕಟ್ಟಡಕ್ಕೆ ಸುಣ್ಣ ಬಳಿಸಿ, ಹೆಂಚು ಹೊದಿಸಿ, ಗ್ರಂಥಾಲಯ ಮಾಡಲು ಹೊರಟರು. ಭಾನುವಾರದ ಉದ್ಘಾಟನೆಯಲ್ಲಿ ಸಣ್ಣ ರೈಲಿನ ಇತಿಹಾಸ ಹೇಳುವವನು ಚೇತನ್‌ಕುಮಾರ್ ಎಂದು ಪೋಸ್ಟರ್ ಹಾಕಿದರು. ಬೇರೆ ಯಾರ ಹೆಸರೂ ಯಾರ ತಲೆಗೂ ಬರಲಿಲ್ಲ, ಅವನ ತಲೆಗಂತೂ ಮೊದಲೇ ಬರಲಿಲ್ಲ.

ಆ ವಾರದಲ್ಲೇ ಒಂದು ಬೆಳಿಗ್ಗೆ, ಚೇತನ್ ಡೈರಿ ಕೆಲಸ ಮುಗಿಸಿ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದಾಗ, ಬೇಲಿಯಾಚೆ ಒಬ್ಬ ಹೆಂಗಸು ಬಂದು ನಿಂತಳು. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಕೊಡೆ.

“ಚೇತನ್‌ಕುಮಾರ್ ಅಂದ್ರೆ ನೀವೇನಾ?”

“ನಾನೇ. ಬನ್ನಿ ಅಕ್ಕ, ಒಳಗೆ ಬನ್ನಿ.”

ಅವಳು ಜಗಲಿಯ ತುದಿಗೆ ಕೂತಳು. ಚೇತನನ ಮಗಳು ಸಿರಿ, ಅರಸೀಕೆರೆಯ ಕಾಲೇಜಿಗೆ ಹೋಗುವ ಹುಡುಗಿ, ನೀರು ತಂದುಕೊಟ್ಟಳು. ಬಂದ ಹೆಂಗಸು ನೀರು ಕುಡಿದು ಲೋಟವನ್ನು ಪಕ್ಕಕ್ಕಿಟ್ಟು, “ಬಸ್ತಿಹಳ್ಳಿಯಿಂದ ಬಂದೆ. ಕೆಂಪಲಕ್ಷ್ಮಮ್ಮ ಅಂತ. ಅಂಗನವಾಡಿ ಟೀಚರಾಗಿದ್ದೆ, ಈಗ ರಿಟೈರಾಗೈತೆ. ಡ್ರೈವರ್ ಚಿಕ್ಕಬೀರಯ್ಯನ ಮಗಳು” ಅಂದಳು.

ಚೇತನನಿಗೆ ಮೊದಲು ಬಂದದ್ದು ನಗು, ಹೇಳಿದರೆ ತಪ್ಪಿಲ್ಲ. ಯಾರೋ ತಮಾಷೆಗೆ ಕಳಿಸಿದ್ದಾರೆ ಅಂದುಕೊಂಡ. ಅವನ ಲೆಕ್ಕದಲ್ಲಿ ಚಿಕ್ಕಬೀರಯ್ಯ ಎಂದರೆ ಮಸಿ, ಬುರುಡೆ, ತಡವರಿಸುವ ಕಾಲು. ಅದಕ್ಕೊಬ್ಬ ಮಗಳು ಇರಬಹುದು ಅಂತ ಇಷ್ಟು ವರ್ಷ ಅವನಿಗೆ ಹೊಳೆದಿರಲಿಲ್ಲ. ಜಗಲಿಯ ಇನ್ನೊಂದು ತುದಿಯಲ್ಲಿ ಮಂಚದ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ಅವನ ಅಪ್ಪ ತಿಮ್ಮಯ್ಯ ಮಾತ್ರ ಎಲೆಯನ್ನು ಅಲ್ಲೇ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡ.

“ಹಳೇಬೀಡು ಬಸ್‌ಸ್ಟ್ಯಾಂಡಲ್ಲಿ ಪೋಸ್ಟರ್ ನೋಡ್ದೆ,” ಅಂದಳು ಕೆಂಪಲಕ್ಷ್ಮಮ್ಮ. “ರೈಲಿನ ಕತೆ ನೀವು ಹೇಳ್ತೀರಿ ಅಂತ ಐತೆ. ಹೇಳಿ. ನಮ್ಮಪ್ಪ ಕುಡೀತಿರ್ಲಿಲ್ಲ, ಅದೊಂದು ಬಿಟ್ಟು ಇನ್ನೇನ್ ಬೇಕಾದ್ರೂ ಹೇಳ್ಕಳಿ. ಇದೊಂದು ಮಾತು ಕೇಳನ ಅಂತ ಬಂದೆ.”

“ವಿಚಾರಣೆ ಆಗಿತ್ತಲ್ಲಕ್ಕ. ಸಾಕ್ಷಿ ಹೇಳಿದಾರೆ.”

“ಸಾಕ್ಷಿ ಹೇಳ್ದೋರು ಈ ಊರೋರೇ.” ಅವಳ ದನಿಯಲ್ಲಿ ಜಗಳವಿರಲಿಲ್ಲ. “ಕಾಲು ಮುರಿದೋರಿಬ್ರನ್ನೂ ನಮ್ಮಪ್ಪನೇ ಹೊತ್ಕಂಡು ಈಚೆಗೆ ತಂದಿದ್ದು. ಒಡೆದ ಮಡಕೆ ಮೇಲೇ ನಡಕಂಡು ಬಂದ್ರು, ಅಂಗಿ ಚಡ್ಡಿ ಎಲ್ಲ ಹೆಂಡದಲ್ಲಿ ನೆಂದೋಗಿತ್ತು. ಮೈ ವಾಸ್ನೆ ನೋಡಿದ್ರು, ಬಾಯಿ ವಾಸ್ನೆ ಯಾರೂ ನೋಡ್ಲಿಲ್ಲ. ನಮ್ಮಪ್ಪ ದೇವರಂಥ ಮನುಷ್ಯ ಅಂತ ಹೇಳಾಕೆ ಬಂದಿಲ್ಲ ನಾನು. ಮೂಗಿನ ತುದೀಲಿ ಸಿಟ್ಟು. ನಮ್ಮವ್ವನ ಮೇಲೆ ಕೈ ಮಾಡ್ತಿದ್ರು. ಬೀಡಿ ಸೇದೋರು. ಕುಡೀತಿರ್ಲಿಲ್ಲ, ಅಷ್ಟೇ.”

ಕೆಲಸ ಹೋದ ಮೇಲೆ ಚಿಕ್ಕಬೀರಯ್ಯ ಬಸ್ತಿಹಳ್ಳಿಯ ಬಸದಿಗಳ ಮುಂದೆ ಕಡಲೆಕಾಯಿ ಮಾರಿಕೊಂಡು ಬದುಕಿದನಂತೆ. ನೋಡಲು ಬಂದವರಿಗೆಲ್ಲ ಕಾಯಿ ಪೊಟ್ಟಣದ ಜೊತೆ ಕೀಲಿನ ವಿಷಯ ಹೇಳುತ್ತಿದ್ದನಂತೆ. ಶಾಲೆಯಲ್ಲಿ ಇವಳನ್ನು ಹೆಂಡದ ಡ್ರೈವರ್ ಮಗಳು ಅಂತ ಕರೆಯುತ್ತಿದ್ದರು. ಗೆಂಡೆಹಳ್ಳಿಯಿಂದ ಬಂದ ಒಳ್ಳೆಯ ಸಂಬಂಧವೊಂದು ಇದೇ ಮಾತು ಕಿವಿಗೆ ಬಿದ್ದು ತಪ್ಪಿಹೋಯಿತು. ಇದನ್ನೆಲ್ಲ ಅವಳು ಬೇರೆ ಯಾರದೋ ಮನೆಯ ಸುದ್ದಿಯಂತೆ ಹೇಳಿ ಎದ್ದಳು. ಕೊಡೆ ಬಿಚ್ಚುವ ಮುಂಚೆ, “ನಿಮ್ಮ ಸೋಗು ನೋಡಿದೀನಿ” ಅಂದಳು.

ಖಾಲಿ ಲೋಟ ಎತ್ತಿಕೊಳ್ಳಲು ಬಗ್ಗಿದ್ದ ಚೇತನ್ ತಲೆ ಎತ್ತಿದ.

“ಅರಸೀಕೆರೆಯಿಂದ ಬರ್ತಿದ್ದೆ, ಬಸ್ ನಿಲ್ಸಿದ್ರಿ. ನನ್ನ ಕಿಟಕಿ ಹತ್ರಾನೇ ಬಂದು ಬುರುಡೆ ಒಡ್ಡಿದ್ರಿ. ನಮ್ಮಪ್ಪನ ಮಾತನ್ನ ನಮ್ಮಪ್ಪ ಹೇಳ್ದಂಗೇ ಹೇಳಿದ್ರಿ. ಬಸ್ಸಲ್ಲಿದ್ದೋರೆಲ್ಲ ನಗ್ತಿದ್ರು. ನಾನೂ ಚಿಲ್ರೆ ಹಾಕ್ದೆ. ಹಾಕ್ದೆ ಇದ್ರೆ ಯಾಕವ್ವ ಅಂತ ಕೇಳ್ತಾರಲ್ಲ.”

“ನೋಡನ ಅಕ್ಕ” ಅಂದ ಚೇತನ್. ಅಷ್ಟು ದೊಡ್ಡ ನಾಲಿಗೆಗೆ ಆ ಹೊತ್ತಿಗೆ ಸಿಕ್ಕಿದ್ದು ಅದೊಂದೇ ಮಾತು. ಅವಳು ಹೋದ ಮೇಲೆ ಅವನು ಮುಖವನ್ನು ಮತ್ತೊಮ್ಮೆ ತೊಳೆದುಕೊಂಡ.

ಆ ದಿನವೆಲ್ಲ ಅವನು ಅವಳ ಕಿಟಕಿಯನ್ನು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಎಷ್ಟು ಬಸ್ಸು, ಎಷ್ಟು ಕಿಟಕಿ. ಯಾವುದರಲ್ಲಿ ಅವಳಿದ್ದಳೋ, ನಗದ ಮುಖ ಒಂದಾದರೂ ಅವನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ. ಬಿದ್ದಿದ್ದರೂ ಯಾವಳೋ ಸಿಡುಕಿ ಅಂದುಕೊಂಡು ಇನ್ನೂ ಸ್ವಲ್ಪ ಜೋರಾಗಿ ತಡವರಿಸಿರುತ್ತಿದ್ದ. ತನ್ನ ಗುಣ ತನಗೆ ಗೊತ್ತಿಲ್ಲದ್ದಲ್ಲ.

ಇಳಿಹೊತ್ತಿನಲ್ಲಿ ಅವನ ತಾಯಿ ಹುಚ್ಚಮ್ಮ ಹಿತ್ತಿಲಲ್ಲಿ ಕೂತು ಮಚ್ಚಿನಿಂದ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ಚೇತನ್ ಹೋಗಿ ಪಕ್ಕದಲ್ಲಿ ಕೂತ.

“ಅವ್ವ, ಬೆಳಿಗ್ಗೆ ಬಂದಿದ್ದೋರು ಯಾರು ಗೊತ್ತಾಯ್ತಾ?”

“ಕೇಳಿಸ್ತು.”

“ಅವರಪ್ಪ ಕುಡೀತಿರ್ಲಿಲ್ವಂತೆ.”

ಹುಚ್ಚಮ್ಮ ಮಚ್ಚನ್ನು ತಿರುಗಿಸಿ ಅದರ ಹಿಡಿಯನ್ನು ಮಗನ ಕಡೆ ಚಾಚಿದಳು. “ಇದು ಯಾವ ಕಬ್ಬಿಣ ಅಂತ ಯಾವತ್ತಾದ್ರೂ ಕೇಳಿದೀಯೇನಪ್ಪ?”

ಕೇಳಿರಲಿಲ್ಲ. ಆ ಮಚ್ಚು ಅವನು ಹುಟ್ಟುವ ಮುಂಚಿನಿಂದ ಮನೆಯಲ್ಲಿತ್ತು. ಅದಕ್ಕೂ ಒಂದು ಹುಟ್ಟು ಇರುತ್ತದೆ ಅಂತ ಯಾರು ಯೋಚಿಸುತ್ತಾರೆ.

“ರೈಲು ಕೀಲು ಕಣಪ್ಪ. ಹಳೀನ ಅಡೀಲಿರೋ ಮರದ ದಿಮ್ಮಿಗೆ ಬಿಗೀತಾರಲ್ಲ, ಆ ಕಬ್ಬಿಣದ ಕೀಲು. ಒಂದು ಕೀಲಿಗೆ ಒಂದು ಮಚ್ಚು. ಕುಲುಮೆ ಆಚಾರಿ ಹೇಳೋನು, ಇದ್ರಂಗೆ ಹದ ಹಿಡಿಯೋ ಕಬ್ಬಿಣ ಪೇಟೇಲೂ ಸಿಗಲ್ಲ ಅಂತ. ಮೊದ್ಲು ಹೆಂಡ ಇಳಿಸೋರು ತಗಂಡ್ರು, ಆಮೇಲೆ ಕಾಯಿ ಕೀಳೋರು. ಕಡೆಕಡೇಗೆ ಹೊಸ ಅಳಿಯಂಗೆ ಕೀಲಿನ ಮಚ್ಚು ಕೊಡ್ದೆ ಇದ್ರೆ ಮಾವ ಜಿಪುಣ ಅನ್ನೋ ಹಂಗಾಗೋಯ್ತು. ಇದು ನಮ್ಮಪ್ಪ ನಿಮ್ಮಪ್ಪಂಗೆ ಕೊಟ್ಟಿದ್ದು.”

ಚೇತನ್ ಮಚ್ಚನ್ನು ಮುಟ್ಟಲಿಲ್ಲ.

“ಮನೆಗೆ ಒಂದೊಂದೇ ತಗಂಡಿದ್ದು. ಒಂದು ಕೀಲು ಹೋದ್ರೆ ಹಳಿ ಬಿದ್ದೋಗ್ತದಾ ಅಂತ ಎಲ್ರೂ ಅಂದ್ಕಂಡ್ರು. ಎಲ್ರೂ ಕಿತ್ತಿದ್ದು ಆ ತಿರುವಲ್ಲೇ. ಸ್ಟೇಷನ್‌ಗೆ ಕಾಣ್ತಿರ್ಲಿಲ್ಲ, ಈಚಲ ಮರ ಅಡ್ಡ ಇದ್ವು.”

“ಗಾಡಿ ಬಿದ್ ಮೇಲೆ?”

“ಬಿದ್ ಮೇಲೆ ಊರಿಗೂರೇ ನಡುಗಿತು. ದೊಡ್ಡ ಸಾಹೇಬ್ರು ಬರೋದು ಮಾರನೆ ದಿನ ಅಂತ ಗೊತ್ತಾಯ್ತು. ಕುಲುಮೇಲಿ ಇನ್ನೂ ಕಾಯಿಸ್ದೆ ಇದ್ದವು, ಮನೆ ಅಟ್ಟದ ಮೇಲಿದ್ದವು ಎಲ್ಲ ತಂದ್ರು. ಸಾಲ್ದಿದ್ದಕ್ಕೆ ಕೆರೆ ಕಡೆ ಹಳಿಯಿಂದ ಕಿತ್ತು ತಂದು ಬಡಿದ್ರು. ಸಾಹೇಬ್ರು ಬಂದು ನೋಡಿದ್ರೆ ಕೀಲೆಲ್ಲ ಇದ್ ಜಾಗದಲ್ಲಿ ಐದಾವೆ. ಪಾಪ ಆ ಡ್ರೈವರು ಕೀಲಿರ್ಲಿಲ್ಲ ಸ್ವಾಮಿ, ಕೀಲಿರ್ಲಿಲ್ಲ ಅಂತ ಬಡ್ಕತಾನೇ ಅವ್ನೆ. ನಿಂತಿದ್ದೋರಲ್ಲಿ ಯಾರೋ ಕಿಸಕ್ಕಂತ ನಕ್ರು. ಸಾಹೇಬ್ರೂ ನಕ್ರು.”

ಹುಚ್ಚಮ್ಮ ಮಚ್ಚನ್ನು ತನ್ನ ಕಡೆ ತಿರುಗಿಸಿಕೊಂಡು ಮತ್ತೆ ಗರಿ ಸೀಳತೊಡಗಿದಳು. ಚೇತನ್ ಕೇಳಬೇಕಾದ ಮಾತು ಇನ್ನೂ ಒಂದಿತ್ತು. ಉತ್ತರ ಗೊತ್ತಾಗಿಬಿಟ್ಟಿತ್ತು, ಆದರೂ ಕೇಳಿದ.

“ಸಾಕ್ಷಿ ಹೇಳ್ದೋರು ಯಾರವ್ವ?”

“ನಿಮ್ಮಪ್ಪ. ಮಾತು ಚೆನ್ನಾಗಿ ಆಡ್ತಾರೆ ಅಂತ ಊರೋರೆಲ್ಲ ಅವರ್ನೇ ಮುಂದೆ ಮಾಡಿದ್ರು.”

ನಾಚಿಕೆ ಅನ್ನುವುದು ಚೇತನನಿಗೆ ಹೊಸದು. ಸಾವಿರ ಜನರ ಮುಂದೆ ಮಸಿ ಬಳಿದುಕೊಂಡು ಕುಣಿದವನಿಗೆ ಯಾವ ನಾಚಿಕೆ. ಆದರೆ ಈಗ ಹಿತ್ತಿಲಲ್ಲಿ, ಹೆತ್ತ ತಾಯಿಯ ಮುಂದೆ, ಅವನಿಗೆ ಕಿವಿಯ ತುದಿಯವರೆಗೂ ಬಿಸಿಯಾಯಿತು. ಒಬ್ಬ ಮನುಷ್ಯ ಅನ್ನ ಕಳೆದುಕೊಳ್ಳುವ ಹೊತ್ತಿನಲ್ಲಿ ಹೇಳಿದ ಸತ್ಯವನ್ನೇ ತಾನು ವರ್ಷ ವರ್ಷ ತೊದಲಿ, ಚಪ್ಪಾಳೆ ಗಿಟ್ಟಿಸಿ, ಅದರಿಂದ ಬಂದ ಚಂದಾದಲ್ಲಿ ಹುಡುಗರ ಜೊತೆ ಕೋಳಿ ಸಾರು ಉಂಡಿದ್ದ. ಕದ್ದವರು ಹಿರಿಯರು, ನಿಜ. ಆದರೆ ಕದ್ದದ್ದನ್ನು ಮುಚ್ಚುವ ಕೆಲಸವನ್ನು ಅವರಿಗಿಂತ ಚೆನ್ನಾಗಿ ಮಾಡಿದವನು ತಾನು. ಹಾಗಂತ ಅವನಿಗೆ ಅನ್ನಿಸಿತು, ಮತ್ತು ಅದು ಸರಿಯಾಗಿಯೇ ಅನ್ನಿಸಿತು.

ಅವನು ಎದ್ದು ಜಗಲಿಗೆ ಬಂದ. ತಿಮ್ಮಯ್ಯ ಮಂಚದ ಮೇಲೆ ಎದ್ದು ಕೂತು ಮಗನಿಗಾಗಿಯೇ ಕಾಯುತ್ತಿದ್ದವನಂತೆ ನೋಡಿದ.

“ಹೇಳಿದ್ಲಾ ನಿಮ್ಮವ್ವ?”

“ಹೇಳಿದ್ಲು. ಅವನು ಕುಡ್ದಿರ್ಲಿಲ್ಲ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣ್ಲಾ.” ತಿಮ್ಮಯ್ಯ ಅದನ್ನು ಮುಚ್ಚಿಡಲು ನೋಡಲಿಲ್ಲ. “ಎಲ್ರಿಗೂ ಗೊತ್ತಿತ್ತು. ಒಬ್ಬನ ಕೆಲಸ ಹೋಯ್ತು. ಇಲ್ದಿದ್ರೆ ಮನೆಗೊಬ್ಬನಂಗೆ ಜೈಲಿಗೆ ಹೋಗ್ತಿದ್ರು. ನಾನು ಮಾಡಿದ್ದು ಊರಿಗೋಸ್ಕರ.”

“ಸೋಗಲ್ಲಿ ಕೀಲಿರ್ಲಿಲ್ಲ ಅನ್ನೋ ಮಾತು ಹಾಕು ಅಂತ ಹೇಳ್ಕೊಟ್ಟಿದ್ದೂ ನೀನೇ.”

“ಹೂಂ.”

“ಯಾಕಪ್ಪ?”

ತಿಮ್ಮಯ್ಯ ಎಲೆಯ ತೊಟ್ಟು ಮುರಿದ. “ಆ ಕೀಲಿನ ಮಾತು ಊರ ಹುಡುಗ್ರಲ್ಲಿ ಅಲ್ಲಲ್ಲಿ ಗುಸುಗುಸು ನಡೀತಿತ್ತು. ನಕ್ ಮೇಲೆ ಜನ ಯೋಚ್ನೆ ಮಾಡಲ್ಲ ಕಣ್ಲಾ. ಭಾನುವಾರ ಇರೋ ಕತೆ ಹೇಳಿ ಇಳಿದ್ ಬಾ. ನಾನಿನ್ನೆಷ್ಟು ದಿನ ಇರ್ತೀನಿ.”

ಕೊನೆಯ ಮಾತು ಚೇತನನನ್ನು ಕಟ್ಟಿಹಾಕಿತು. ಅಪ್ಪನ ಮೇಲೆ ಅವನಿಗೆ ಪ್ರೀತಿ ಇತ್ತು. ತೋಟದ ಒಂದೊಂದು ಸಸಿಗೂ ನೀರು ಹೊತ್ತು ಬೆಳೆಸಿದವನು ಆ ಮುದುಕ. ಸಭೆಯಲ್ಲಿ ಎದ್ದು ನಿಂತು ನಮ್ಮಪ್ಪ ಸುಳ್ಳು ಸಾಕ್ಷಿ ಹೇಳಿದ ಅನ್ನಲು ಯಾವ ಮಗನಿಗೆ ಬಾಯಿ ಬರುತ್ತದೆ. ಮರುದಿನವೆಲ್ಲ ಅವನು ನಡುವಿನ ದಾರಿ ಹುಡುಕಿದ. ಡ್ರೈವರನ ಸುದ್ದಿಯನ್ನೇ ಎತ್ತದೆ ಬಿಡುವುದು. ಅಥವಾ ಅಪಘಾತವಾಯಿತು, ಕಾರಣ ತಿಳಿಯದು ಅನ್ನುವುದು. ಎರಡೂ ಸಭ್ಯವಾಗಿದ್ದವು. ಆದರೆ ಡೈರಿಯಲ್ಲಿ ಹಾಲು ಅಳೆಯುವಾಗ ಯಾರೋ ಹಿಂದಿನಿಂದ, “ಏನ್ಲಾ ಚಿಕ್ಕಬೀರಯ್ಯ, ಭಾನುವಾರಕ್ಕೆ ಬುರುಡೆ ರೆಡಿನಾ?” ಅಂದರು. ಚೇತನ್ ಅಳತೆ ಪಾತ್ರೆಯನ್ನು ಕೆಳಗಿಟ್ಟ. ಆ ಗಳಿಗೆಯಲ್ಲಿ ಅವನು ತೀರ್ಮಾನ ಮಾಡಿದ. ಕೆಂಪಲಕ್ಷ್ಮಮ್ಮನ ನಂಬರು ಹುಡುಕಿ ಫೋನ್ ಮಾಡಿ, “ಭಾನುವಾರ ಬನ್ನಿ ಅಕ್ಕ. ಎಲ್ರ ಮುಂದೇನೇ ಹೇಳ್ತೀನಿ” ಅಂದ. ಅವಳು ಬತ್ತೀನಿ ಅಂದಳು, ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ.

ಭಾನುವಾರ ಸ್ಟೇಷನ್ ಮುಂದೆ ಶಾಮಿಯಾನ ಬಿದ್ದಿತ್ತು. ಹಿಂದೆ ಮಡಕೆಗಳ ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಊರು ಊರೇ ಬಂದಿತ್ತು, ಪುಸ್ತಕದ ಮೇಲಿನ ಪ್ರೀತಿಯಿಂದಲ್ಲ. ಮೊದಲ ಸಾಲಿನಲ್ಲಿ ಹಿರಿಯರು, ಅವರ ನಡುವೆ ಬಿಳಿ ಪಂಚೆಯ ತಿಮ್ಮಯ್ಯ. ಪಕ್ಕದ ಹೆಂಗಸರ ಸಾಲಿನ ತುದಿಯಲ್ಲಿ ಕೆಂಪಲಕ್ಷ್ಮಮ್ಮ, ಮಡಿಲಲ್ಲಿ ಕೊಡೆ. ಅವಳು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸಿರಿ ವೇದಿಕೆಯ ಬುಡದಲ್ಲಿ ಮೊಬೈಲು ಹಿಡಿದು ನಿಂತಿದ್ದಳು. ಪಂಚಾಯಿತಿ ಅಧ್ಯಕ್ಷ ಉಮೇಶ್ ಟೇಪು ಕತ್ತರಿಸಿ, ನಾಲ್ಕು ಮಾತಾಡಿ, “ಇನ್ನು ಎಲ್ಲರೂ ಕಾಯ್ತಿರೋ ಕಾರ್ಯಕ್ರಮ” ಅಂದ.

ಚೇತನ್ ಮೈಕು ಹಿಡಿದ. ಮಹಾರಾಜರ ಕಾಲ, ಬೇಲೂರು ಮುಟ್ಟದ ಹಳಿ, ಈಚಲ ವನ, ಮಡಕೆ ಹೊತ್ತ ಹೆಂಗಸರು, ಎಲ್ಲವನ್ನೂ ಹೇಳಿದ. ಜನ ತಲೆಯಾಡಿಸಿದರು, ಆದರೆ ಅವರು ಕಾಯುತ್ತಿದ್ದದ್ದು ಬೇರೆಯದಕ್ಕೆ ಅಂತ ಅವನಿಗೂ ಗೊತ್ತಿತ್ತು. ತಿರುವಿನ ಹತ್ತಿರ ಬಂದ ಕೂಡಲೇ ಹಿಂದಿನ ಸಾಲಿನಲ್ಲಿ ಆಗಲೇ ಒಬ್ಬ ಸಿಳ್ಳೆ ಹೊಡೆದ.

ಚೇತನ್ ಒಂದು ಹೆಜ್ಜೆ ಮುಂದಿಟ್ಟ. ಮೈಕಿನ ವಯರು ಪಾದಕ್ಕೆ ಸಿಕ್ಕಿ, ಮುಗ್ಗರಿಸಿ, ಸಾವರಿಸಿಕೊಂಡ. ಶಾಮಿಯಾನದೊಳಗೆ ಖುಷಿಯ ಗುಜುಗುಜು ಎದ್ದಿತು. ಅವನು ಕೆಂಪಲಕ್ಷ್ಮಮ್ಮನ ಕಡೆ ನೋಡಿ ಎರಡೂ ಕೈ ಮುಗಿದ. ಕ್ಷಮೆ ಕೇಳುವವನು ಇನ್ನು ಹೇಗೆ ನಿಲ್ಲುತ್ತಾನೆ.

“ಚಿಕ್ಕಬೀರಯ್ಯನೋರು ಕುಡ್ದಿರ್ಲಿಲ್ಲ,” ಅಂದ. ದನಿ ಒಡೆಯಿತು. “ಹಳಿಗೆ ಕೀಲಿರ್ಲಿಲ್ಲ.”

ಮೊದಲು ನಕ್ಕವನು ತಿಮ್ಮಯ್ಯ. ತಲೆ ಹಿಂದಕ್ಕೆ ಚೆಲ್ಲಿ, ತೊಡೆ ತಟ್ಟಿಕೊಂಡು, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಅವನ ಕಣ್ಣು ಮಾತ್ರ ಮಗನನ್ನೇ ನೆಟ್ಟು ನೋಡುತ್ತಿತ್ತು. ಅವನ ಅಕ್ಕಪಕ್ಕದ ಮುದುಕರು ಒಂದು ಗಳಿಗೆ ಅವನ ಮುಖ ನೋಡಿ ಅವರೂ ನಕ್ಕರು. ಆಮೇಲೆ ಇಡೀ ಶಾಮಿಯಾನವೇ ನಕ್ಕಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಹುಡುಗರು ಕುರ್ಚಿ ಬಡಿದರು.

“ನಾನು ಸೋಗು ಹಾಕ್ತಿಲ್ಲ ಕಣ್ರೀ,” ಅಂದ ಚೇತನ್. “ಕೀಲು ಕಿತ್ತೋರು ನಾವೇ. ನಮ್ಮ ಮನೆ ಮಚ್ಚು ಅದೇ ಕಬ್ಬಿಣ. ನಿಮ್ ಮನೆ ಮಚ್ಚೂ ಅದೇ. ಸುಳ್ಳು ಸಾಕ್ಷಿ ಹೇಳ್ದೋರು...” ಎದುರಿಗೆ ಅಪ್ಪ ಇನ್ನೂ ನಗುತ್ತಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ಸಾಕ್ಷಿ ಹೇಳ್ದೋರು ನಮ್ಮಪ್ಪ.”

ಅದಕ್ಕಂತೂ ಸಭೆ ಹುಚ್ಚೆದ್ದಿತು. ಸ್ವಂತ ಅಪ್ಪನನ್ನೂ ಬಿಡಲಿಲ್ಲ ನೋಡು ಅಂತ ಒಬ್ಬರ ಹೆಗಲಿಗೊಬ್ಬರು ಬಡಿದುಕೊಂಡರು. ಸಿರಿಯ ಕೈಯಲ್ಲಿ ಮೊಬೈಲು ಕುಲುಕುತ್ತಿತ್ತು; ಅಪ್ಪನ ಕಲೆ ನೋಡಿ ಅವಳಿಗೆ ನಗು ತಡೆಯಲಾಗಿರಲಿಲ್ಲ. ಇಷ್ಟು ಜನರಲ್ಲಿ ನಗದೆ ಕೂತಿದ್ದವಳು ಒಬ್ಬಳೇ. ಅವಳು ಎದ್ದು, ಪಕ್ಕದವಳಿಗೆ ಕಾಲು ಸರಿಸಲು ಹೇಳಿ, ಶಾಮಿಯಾನದಿಂದ ಹೊರಗೆ ಹೋದಳು.

ಚೇತನ್ ಮೈಕನ್ನು ಉಮೇಶನ ಕೈಗೆ ತುರುಕಿ ಹಿಂದೆ ಓಡಿದ. ಕೆಂಪಲಕ್ಷ್ಮಮ್ಮ ರಸ್ತೆ ಬದಿಯಲ್ಲಿ ಹಳೇಬೀಡಿನ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಓಡಿ ಬಂದವನಿಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳ ಚಪ್ಪಲಿ ನೋಡುತ್ತ ನಿಂತ.

“ಹೇಳ್ದೆ ಅಕ್ಕ,” ಅಂದ. “ಎಲ್ಲಾ ಹೇಳ್ದೆ. ಆದ್ರೆ...”

“ಕೇಳಿಸ್ಕಂಡೆ.”

“ನನ್ನಿಂದಾನೇ ಹಿಂಗಾಯ್ತು. ನಾನು ಏನ್ ಹೇಳಿದ್ರೂ ಅವರಿಗೆ ಸೋಗೇ.”

ಕೆಂಪಲಕ್ಷ್ಮಮ್ಮ ರಸ್ತೆಯ ಕಡೆಯೇ ನೋಡುತ್ತಿದ್ದಳು. ಅವಳಿಗೆ ಅಳು ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಬಹಳ ಹಿಂದೆಯೇ ಎರಡೂ ಮುಗಿದಿದ್ದವು ಅಂತ ಕಾಣುತ್ತದೆ. “ನಮ್ಮಪ್ಪನೂ ಹಿಂಗೇ ಕೈ ಮುಗಿದಿದ್ರಂತೆ,” ಅಂದಳು. “ಸುತ್ತ ಜನ ಹಿಂಗೇ ನಗ್ತಿದ್ರಂತೆ. ಸಾಯೋ ತನಕ ಅದನ್ನೇ ಹೇಳೋರು. ಕೆಲಸ ಹೋಗಿದ್ದು ಅಷ್ಟು ಹೇಳ್ತಿರ್ಲಿಲ್ಲ, ಆ ನಗೂನೇ ಹೇಳೋರು. ಹೆಂಗಿತ್ತು ಅಂತ ನಂಗೆ ಗೊತ್ತಿರ್ಲಿಲ್ಲ. ಇವತ್ತು ನೋಡ್ದೆ.”

ಬಸ್ಸು ಬಂತು. ಅವಳು ಕೊಡೆ ಮಡಿಚಿ ಹತ್ತಿದಳು, ಒಳಗೆ ಹೋಗಿ ಕಿಟಕಿಯ ಪಕ್ಕ ಕೂತಳು. ಚೇತನ್ ಕೆಳಗೆ ಕಿಟಕಿಯ ಹತ್ತಿರವೇ ನಿಂತಿದ್ದ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ. ಬಸ್ಸಿನಲ್ಲಿದ್ದ ಒಬ್ಬ ಅವನ ಗುರುತು ಹಿಡಿದು, “ಏನ್ ಡ್ರೈವರಣ್ಣ” ಅಂತ ನಕ್ಕ. ಬಸ್ಸು ಹೊರಟಿತು.

ಶಾಮಿಯಾನದ ಕಡೆಯಿಂದ ಡೈರಿಯ ಶರತ್ ಏದುಸಿರು ಬಿಡುತ್ತ ಬಂದ. ಅವನ ಮುಖ ಇನ್ನೂ ನಗುವಿನಿಂದ ಕೆಂಪಾಗಿತ್ತು. “ಅಣ್ಣ, ಬರಬೇಕಂತೆ. ಹಿಂದ್ಗಡೆ ಸಾಲೋರಿಗೆ ಸರಿಯಾಗಿ ಕೇಳಿಸ್ಲಿಲ್ವಂತೆ. ಇನ್ನೊಂದ್ಸಲ ಮಾಡ್ಬೇಕಂತೆ.”

ಚೇತನ್ ವಾಪಸ್ ಹೋದ. ವೇದಿಕೆ ಹತ್ತಿ ಮೈಕು ತೆಗೆದುಕೊಂಡ. ನೆಟ್ಟಗೆ ನಿಂತು, ಆದಷ್ಟು ಸ್ಪಷ್ಟವಾಗಿ, ಚಿಕ್ಕಬೀರಯ್ಯ ಕುಡಿದಿರಲಿಲ್ಲ ಎಂದು ಮೊದಲಿನಿಂದ ಹೇಳಿದ. ಜನ ಮೊದಲಿಗಿಂತ ಜೋರಾಗಿ ನಕ್ಕರು.